ಸೈಲೊಸೈಬಿನ್ ದಿನ ಕಪಾಲಭಾತಿ ಬೇಡ

"ಪ್ರಾಣಾಯಾಮ ಮಾಡಿಕೊಂಡು ಬಂದರೆ ಅನುಭವ ಇನ್ನೂ ಆಳಕ್ಕೆ ಹೋಗುತ್ತಾ ಮೇಡಂ?" ಸೈಲೊಸೈಬಿನ್ (ಕೆಲವು ಅಣಬೆಗಳಲ್ಲಿರುವ, ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ವಸ್ತು) ತೆಗೆದುಕೊಳ್ಳಲು ನನ್ನ ಬಳಿ ಬರುವ ಭಾರತೀಯರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಇದು. ಹೋಗುತ್ತದೆ. ಆದರೆ ಆ ಅಭ್ಯಾಸಕ್ಕೆ ಫಲ ಇರುವುದು ಸೆಷನ್‌ಗೆ ಮುಂಚಿನ ವಾರಗಳಲ್ಲಿ ಮತ್ತು ಆಮೇಲಿನ ವಾರಗಳಲ್ಲಿ. ಆ ದಿನ ಹೊಸದಾಗಿ ಏನನ್ನೂ ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಾನು ಕೆಲಸ ಮಾಡುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಲೈಸೆನ್ಸ್ ಇರುವ ಫೆಸಿಲಿಟೇಟರ್ ಆಗಿ, ಅಂದರೆ ಸೆಷನ್ ಉದ್ದಕ್ಕೂ ಜೊತೆಗಿದ್ದು ನೋಡಿಕೊಳ್ಳುವವಳಾಗಿ. 2020ರ ನವೆಂಬರ್‌ನಲ್ಲಿ ಇಲ್ಲಿನ ಮತದಾರರು ಇದಕ್ಕೆ ಅವಕಾಶ ಕೊಡುವ ಮೆಷರ್ 109 ಎಂಬ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. 2023ರಿಂದ ಲೈಸೆನ್ಸ್ ಪಡೆದ ಕೇಂದ್ರದೊಳಗೆ, ತರಬೇತಿ ಆದವರ ಎದುರಿನಲ್ಲಿ ಸೈಲೊಸೈಬಿನ್ ಅಣಬೆ ತೆಗೆದುಕೊಳ್ಳಬಹುದು. 21 ವರ್ಷ ತುಂಬಿರಬೇಕು, ಮನೆಗೆ ಒಯ್ಯುವ ಹಾಗಿಲ್ಲ. ಮೊದಲು ತಯಾರಿಯ ಭೇಟಿ ಕಡ್ಡಾಯ. ಆಮೇಲೆ ಸೆಷನ್. ಅದಾದ ಮೇಲೆ, ಬೇಕು ಅಂದವರಿಗೆ ಇಂಟಿಗ್ರೇಷನ್ ಭೇಟಿ, ಅಂದರೆ ಅನುಭವವನ್ನು ಅರಗಿಸಿಕೊಳ್ಳುವ ಮಾತುಕತೆ.

ಸೆಷನ್‌ನಲ್ಲಿ ವ್ಯಕ್ತಿ ಹಾಸಿಗೆಯ ಮೇಲೆ ಮಲಗುತ್ತಾರೆ. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. 20ರಿಂದ 40 ನಿಮಿಷದಲ್ಲಿ ಶುರುವಾಗುತ್ತದೆ, ಮತ್ತು ಮೊದಲು ಸುದ್ದಿ ಕೊಡುವುದು ಮೈ. ಆಕಳಿಕೆ ಮೇಲೆ ಆಕಳಿಕೆ. ಹೊಟ್ಟೆ ತೊಳಸುತ್ತದೆ, ಅಂಗಾಲು ತಣ್ಣಗಾಗುತ್ತದೆ, ದವಡೆ ಬಿಗಿಯುತ್ತದೆ, ತೊಡೆ ನಡುಗುತ್ತದೆ. ಬಿಪಿ ಸ್ವಲ್ಪ ಏರುತ್ತದೆ. ಇದೆಲ್ಲ ಬರುತ್ತದೆ ಅಂತ ಗೊತ್ತಿಲ್ಲದವರು ಗಾಬರಿಯಾಗುತ್ತಾರೆ. ಗಾಬರಿಯಾದರೆ ಉಸಿರು ಎದೆಯ ಮೇಲ್ಭಾಗದಲ್ಲೇ ಆಡಲು ಶುರುವಾಗುತ್ತದೆ, ಆ ಉಸಿರಾಟ ಗಾಬರಿಯನ್ನು ಇನ್ನೂ ಜಾಸ್ತಿ ಮಾಡುತ್ತದೆ. "ಏನೋ ಆಗ್ತಿದೆ, ನಿಲ್ಲಿಸಿ" ಅನ್ನುವ ಮಾತು ಬರುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ನಿಲ್ಲಿಸೋಕೆ ಬರಲ್ಲ, ಅಲ್ವಾ? ನಾಲ್ಕರಿಂದ ಆರು ಗಂಟೆ ಅದು ತನ್ನ ಪಾಡಿಗೆ ತಾನು ನಡೆಯುತ್ತದೆ.

ಈ ಮೊದಲ ಗಂಟೆಯಲ್ಲಿ ಮೈ ಜೊತೆ ಜಗಳಕ್ಕೆ ನಿಂತವರು ಆಮೇಲೆಯೂ ಮೇಲ್ಮೇಲೇ ತೇಲುತ್ತಾರೆ. ಮೈಯನ್ನು ಅದರ ಪಾಡಿಗೆ ಬಿಟ್ಟವರು ಮುಂದಕ್ಕೆ ಹೋಗುತ್ತಾರೆ. ಆದರೆ "ಸುಮ್ನೆ ಬಿಟ್ಟುಬಿಡಿ" ಅಂತ ಆಗ ಹೇಳಿದರೆ ಏನೂ ಪ್ರಯೋಜನವಿಲ್ಲ. ಅದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ.

ಹಾಗಾಗಿ ಮೂರು ವಾರ ಮುಂಚೆಯೇ ಅಭ್ಯಾಸ ಶುರು ಮಾಡಿಸುತ್ತೇನೆ. ಮಲಗಿಯೇ ಮಾಡಬೇಕು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮಾಡಬೇಕು. ಕುಳಿತು ಕಲಿತದ್ದು ಮಲಗಿದಾಗ ನೆನಪಾಗುವುದು ಕಷ್ಟ. ಒಂದು ಅಂಗೈ ಹೊಟ್ಟೆಯ ಮೇಲೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರಾಯಿತು. ಉಸಿರು ಬಿಡುವಾಗ ವೇಗಸ್ ನರದ ಕೆಲಸ ಹೆಚ್ಚಾಗಿ ನಾಡಿ ನಿಧಾನವಾಗುತ್ತದೆ, ಆದ್ದರಿಂದಲೇ ಬಿಡುವುದನ್ನು ಉದ್ದ ಮಾಡಿಸುವುದು. ವಾರ ಕಳೆದ ಮೇಲೆ ಎಣಿಕೆ ಬಿಡಿಸುತ್ತೇನೆ. ಅನುಭವದ ನಡುವೆ ಅಂಕಿ ಯಾರಿಗೂ ನೆನಪಿರುವುದಿಲ್ಲ.

ಎರಡನೆಯದು ಯೋಗನಿದ್ರೆಯ ಹಾಗೆ ಕಾಲ್ಬೆರಳಿನಿಂದ ನೆತ್ತಿವರೆಗೆ ಗಮನ ತರುವುದು. ನಾನು ಒಂದು ಷರತ್ತು ಸೇರಿಸುತ್ತೇನೆ: ಬಿಸಿ, ಬಿಗಿ, ಜುಮ್ಮು, ಭಾರ ಇಂಥ ಪದ ಮಾತ್ರ ಹೇಳಬೇಕು. "ಇದು ನನ್ನ ಅಪ್ಪನ ಮೇಲಿನ ಕೋಪ" ಅಂತ ವಿವರಣೆ ಕೊಡುವ ಹಾಗಿಲ್ಲ. ಓದಿಕೊಂಡವರಿಗೆ ಇದೇ ಬಲು ಕಷ್ಟ. ಮೂರನೆಯದು ಭ್ರಾಮರಿ. ತುಟಿ ಮುಚ್ಚಿ ಗುಂಯ್‌ಗುಡುವಾಗ ಉಸಿರು ತಾನಾಗಿಯೇ ಉದ್ದವಾಗುತ್ತದೆ, ದವಡೆ ಸಡಿಲವಾಗುತ್ತದೆ.

ವರ್ಷಗಟ್ಟಲೆ ಯೋಗ ಮಾಡಿದ ಒಬ್ಬ ಹಿರಿಯ ಕನ್ನಡತಿ ಬಂದಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಪೂರ್ತಿ ಸೆಷನ್ ಪದ್ಮಾಸನದಲ್ಲೇ ಕೂರುತ್ತೇನೆ ಅಂದರು. ಬೇಡ ಅಂದೆ. ಅವರ ಯೋಗದಲ್ಲಿ ಶಿಸ್ತು ಧಾರಾಳವಾಗಿತ್ತು, ಸಡಿಲಿಕೆ ಕಮ್ಮಿ. ಮುಕ್ಕಾಲು ಗಂಟೆಗೆ ಅವರ ಕಾಲು ನಡುಗಲು ಶುರುವಾಯಿತು.

"ನಿಲ್ತಾನೇ ಇಲ್ಲ ಕಣಮ್ಮಾ."

"ನಿಲ್ಲಿಸೋದು ಬೇಡ. ಎಲ್ಲಿಂದ ಶುರುವಾಗ್ತಿದೆ ನೋಡಿ."

"ಸೊಂಟದಿಂದ... ಬಿಸಿ."

ಅಷ್ಟೇ ಮಾತು. ಅಂಗೈ ತಾನಾಗಿ ಹೊಟ್ಟೆಯ ಮೇಲೆ ಬಂತು, ಸ್ವಲ್ಪ ಹೊತ್ತಿಗೆ ಭ್ರಾಮರಿಯೂ ಬಂತು. ನಡುಕ ಇನ್ನೂ ಇಪ್ಪತ್ತು ನಿಮಿಷ ಇತ್ತು, ಅವರಿಗೆ ಅದರ ಹೆದರಿಕೆ ಇರಲಿಲ್ಲ. ಆಮೇಲೆ ಅತ್ತರು, ತುಂಬ ಹೊತ್ತು. ನಾನು ಕೈ ಹಿಡಿದುಕೊಂಡೆ. ಮುಂಚೆಯೇ ಲಿಖಿತ ಒಪ್ಪಿಗೆ ಕೊಟ್ಟಿದ್ದರಿಂದ ಹಿಡಿಯಲು ಸಾಧ್ಯವಾಯಿತು. ಅದಿಲ್ಲದೆ ಮುಟ್ಟಲು ಇಲ್ಲಿನ ನಿಯಮ ಬಿಡುವುದಿಲ್ಲ, ಬಿಡಲೂಬಾರದು. ಆ ಸ್ಥಿತಿಯಲ್ಲಿ ಕೇಳಿದರೆ ಯಾರು ಬೇಕಾದರೂ ಹೂಂ ಅಂದುಬಿಡುತ್ತಾರೆ.

ಇನ್ನು ಕಪಾಲಭಾತಿ, ಭಸ್ತ್ರಿಕಾ. ಜೋರಾಗಿ, ವೇಗವಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಮೆದುಳಿನ ರಕ್ತನಾಳ ಕಿರಿದಾಗುತ್ತವೆ, ತುಟಿ ಜುಮ್ಮೆನ್ನುತ್ತದೆ, ಬೆರಳು ಒಳಕ್ಕೆ ಸೆಟೆದುಕೊಳ್ಳುತ್ತವೆ. ಮಾಮೂಲಿ ದಿನ ಎರಡು ನಿಮಿಷದಲ್ಲಿ ಸರಿಹೋಗುವ ವಿಷಯ. ಸೈಲೊಸೈಬಿನ್ ಒಳಗಿದ್ದಾಗ ಎರಡು ನಿಮಿಷ ಎರಡು ಯುಗ, ಸೆಟೆದ ಬೆರಳು ಸಾವಿನ ಸೂಚನೆ ಅನ್ನಿಸಿಬಿಡಬಹುದು. "ಆಳ ಬೇಕು" ಅಂತ ಎರಡನ್ನೂ ಬೆರೆಸುವವರು ಒಂದು ಇತಿಹಾಸ ತಿಳಿದುಕೊಳ್ಳಬೇಕು. ಪ್ರಾಗ್‌ನಲ್ಲಿ ಹುಟ್ಟಿದ ಮನೋವೈದ್ಯ ಸ್ಟಾನಿಸ್ಲಾವ್ ಗ್ರೋಫ್ ಮನಸ್ಸಿನ ಸ್ಥಿತಿ ಬದಲಿಸುವ ಇನ್ನೊಂದು ವಸ್ತುವಾದ ಎಲ್‌ಎಸ್‌ಡಿ ಬಳಸುವ ಚಿಕಿತ್ಸೆಯ ಸಂಶೋಧನೆಯನ್ನು ವರ್ಷಗಟ್ಟಲೆ ಮಾಡಿದವರು. ಆ ದಾರಿ ಮುಚ್ಚಿದ ಮೇಲೆ, 1970ರ ದಶಕದಲ್ಲಿ, ಪತ್ನಿ ಕ್ರಿಸ್ಟೀನಾ ಜೊತೆ ಹೊಲೊಟ್ರೋಪಿಕ್ ಬ್ರೆತ್‌ವರ್ಕ್ ಅನ್ನುವ ವೇಗದ ಉಸಿರಾಟದ ವಿಧಾನ ರೂಪಿಸಿದರು. ಔಷಧಿಯ ಬದಲಿಗೆ ಹುಟ್ಟಿದ್ದನ್ನು ಔಷಧಿಯ ಮೇಲೆ ಸುರಿಯುವುದು ಯಾಕೆ?

ಪುರಾವೆ ಇದೆಯಾ ಅಂತ ಕೇಳಿದರೆ, ಇದೆ, ಸ್ವಲ್ಪ. ಜ್ಯೂರಿಕ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ಐದು ದಿನದ ಧ್ಯಾನ ಶಿಬಿರದಲ್ಲಿ ಕೂತರು. ನಾಲ್ಕನೇ ದಿನ ಕೆಲವರಿಗೆ ಸೈಲೊಸೈಬಿನ್, ಕೆಲವರಿಗೆ ಪ್ಲಾಸಿಬೊ (ಔಷಧಿಯೇ ಇಲ್ಲದ ಹುಸಿ ಮಾತ್ರೆ). ಸೈಲೊಸೈಬಿನ್ ಪಡೆದವರ ಧ್ಯಾನದ ಆಳ ಹೆಚ್ಚಿತು, ನಾಲ್ಕು ತಿಂಗಳ ನಂತರವೂ ಒಳ್ಳೆಯ ಬದಲಾವಣೆ ಉಳಿದಿತ್ತು. ಆದರೆ ಅವರೆಲ್ಲ ಧ್ಯಾನದಲ್ಲಿ ಪಳಗಿದವರು, ಮೊನ್ನೆ ಮೊನ್ನೆ ಆ್ಯಪ್ ಹಾಕಿಕೊಂಡವರಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ರೋಲಂಡ್ ಗ್ರಿಫಿತ್ಸ್ ತಂಡ 75 ಜನರಿಗೆ ಧ್ಯಾನ, ಡೈರಿ ಬರೆಯುವ ಅಭ್ಯಾಸ ಕಲಿಸಿತು. ಸೈಲೊಸೈಬಿನ್‌ನ ದೊಡ್ಡ ಡೋಸ್ ಪಡೆದ ಎರಡು ಗುಂಪುಗಳಲ್ಲಿ ಒಂದಕ್ಕೆ ಏಳು ಗಂಟೆ ಚಿಲ್ಲರೆ ಒತ್ತಾಸೆ, ಇನ್ನೊಂದಕ್ಕೆ 35 ಗಂಟೆ. ಆರು ತಿಂಗಳ ಬಳಿಕ ಹೆಚ್ಚು ಬದಲಾವಣೆ ಕಂಡದ್ದು 35 ಗಂಟೆಯ ಗುಂಪಿನಲ್ಲಿ. ಅದರಲ್ಲಿ ಧ್ಯಾನದ ಪಾಲೆಷ್ಟು, ಜೊತೆಗೊಬ್ಬರು ಇದ್ದುದರ ಪಾಲೆಷ್ಟು ಅಂತ ಬಿಡಿಸಲು ಆಗುವುದಿಲ್ಲ. ಎರಡೂ ಸೇರಿಯೇ ಕೆಲಸ ಮಾಡುತ್ತವೆ ಅಂತ ನನಗನ್ನಿಸುತ್ತದೆ.

ಸೆಷನ್ ಆದ ಮರುದಿನ ಜನ ಅರ್ಥ ಹುಡುಕಲು ಕೂರುತ್ತಾರೆ, ಮನೆಯವರಿಗೆ ಫೋನ್ ಮಾಡಿ ದೊಡ್ಡ ತೀರ್ಮಾನ ಹೇಳುತ್ತಾರೆ. ಒಂದು ವಾರ ತಡೆಯಿರಿ ಅನ್ನುತ್ತೇನೆ. ದಿನಾ ಅದೇ ಹೊತ್ತಿಗೆ ಮಲಗಿ, ಅದೇ ಸಂಗೀತ ಹಾಕಿ, ಅದೇ ಉಸಿರಾಟ. ಅವತ್ತು ಸೊಂಟದಲ್ಲಿ ಇದ್ದದ್ದು ಇವತ್ತು ಎಲ್ಲಿದೆ? ಒಂದು ಸಾಲು ಬರೆಯಿರಿ. ಒಂದು ಸುತ್ತು ನಡೆದು ಬನ್ನಿ. ಕೆಲಸ ಬಿಡುವುದು, ಡೈವೋರ್ಸ್ ಕೊಡುವುದು ಆಮೇಲೆ ನೋಡೋಣ.

ಇಷ್ಟೆಲ್ಲ ಇದ್ದರೂ ಎಲ್ಲರಿಗೂ ಇದು ಆಗಿಬರುವುದಿಲ್ಲ. ಕಳೆದ 30 ದಿನದಲ್ಲಿ ಲಿಥಿಯಂ (ಮಾನಸಿಕ ಕಾಯಿಲೆಗೆ ಕೊಡುವ ಒಂದು ಔಷಧಿ) ತೆಗೆದುಕೊಂಡವರನ್ನು, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಚಿಕಿತ್ಸೆಯ ಇತಿಹಾಸ ಇರುವವರನ್ನು ಆರೆಗಾನ್‌ನಲ್ಲಿ ಸೇರಿಸಿಕೊಳ್ಳುವುದಿಲ್ಲ. ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇದ್ದವರಿಗೆ, ಹೃದಯದ ತೊಂದರೆ ಇದ್ದವರಿಗೆ ನಾನೂ ಬೇಡ ಅನ್ನುತ್ತೇನೆ. ಖಿನ್ನತೆಯ ಮಾತ್ರೆಯನ್ನು ಇದಕ್ಕಾಗಿ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಭಾರತದಲ್ಲಿ ಸೈಲೊಸೈಬಿನ್ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ನಿಷೇಧಿತ. "ಬೆಂಗಳೂರಿನಲ್ಲಿ ಯಾರಾದರೂ ಗೊತ್ತಾ?" ಅಂತ ಮೆಸೇಜ್ ಹಾಕುವವರಿಗೆ ನನ್ನ ಬಳಿ ಉತ್ತರವಿಲ್ಲ. ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು: ಆರೆಗಾನ್ ಒಪ್ಪಿದ್ದರೂ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕಾನೂನು ಒಪ್ಪಿಲ್ಲ. ಎಚ್-1ಬಿ ಮೇಲಿರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ನನಗೆ ಫೋನ್ ಮಾಡುವ ಮೊದಲು ಇಮಿಗ್ರೇಷನ್ ವಕೀಲರಿಗೆ ಮಾಡಿ.