ಕಪ್ಪು ತುಂಬಿದರೆ ಬಿಳಿ ಮೂಡುವ ಬಟ್ಟೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೊದಲ್ಲಿ 1978ರಲ್ಲಿ ಆರು ಮಂದಿ ಎಳೆಯ ಕಲಾವಿದರು ಸೇರಿ ‘ಬೊಗೊಲಾನ್ ಕಸೊಬಾನೆ’ ಎಂಬ ಗುಂಪು ಕಟ್ಟಿಕೊಂಡರು. ಫ್ರೆಂಚರ ಆಳ್ವಿಕೆ ಮುಗಿದು ಹದಿನೆಂಟು ವರ್ಷವಾಗಿತ್ತು. ಆದರೂ ಕಲಾಶಾಲೆಯಲ್ಲಿ ಸಿಗುತ್ತಿದ್ದದ್ದು ಯುರೋಪಿನ ಪಾಠ, ಹೊರದೇಶದ ಬಣ್ಣ. ಇವರು ಹಳ್ಳಿಗಳಿಗೆ ಹೋಗಿ, ಕೆಸರಿನಿಂದ ಬಟ್ಟೆಗೆ ಬಣ್ಣ ಕಟ್ಟುವ ಅಜ್ಜಿಯರ ಮಡಕೆಯ ಪಕ್ಕ ಕೂತರು.

ಈ ಕೆಸರುಬಟ್ಟೆಯ ಹೆಸರು ಬೊಗೊಲಾನ್‌ಫಿನಿ, ಚಿಕ್ಕದಾಗಿ ಬೊಗೊಲಾನ್. ಮಾಲಿಯ ಬಂಬಾರ ನುಡಿಯಲ್ಲಿ ‘ಬೊಗೊ’ ಎಂದರೆ ಕೆಸರು, ‘ಫಿನಿ’ ಎಂದರೆ ಬಟ್ಟೆ. ಗಂಡಸರು ನೇಯ್ದ ಕಿರಿದಾದ ಹತ್ತಿ ಪಟ್ಟಿಗಳನ್ನು ಹೊಲಿದು ಇದಕ್ಕೆ ಬಟ್ಟೆ ಸಿದ್ಧ ಮಾಡುತ್ತಾರೆ. ಮುಂದಿನದು ಹೆಂಗಸರ ಕೆಲಸ. ನ್‌ಗಲಾಮ ಮರದ ಎಲೆಯ ಕಷಾಯದಲ್ಲಿ ಅದ್ದಿದಾಗ ಬಟ್ಟೆ ಹಳದಿಯಾಗುತ್ತದೆ (ನಮ್ಮ ಕಾಡಿನ ದಿಂಡಿಗ ಅದೇ ಕುಲದ ಮರ). ಕೊಳದ ಕಬ್ಬಿಣಾಂಶದ ಕೆಸರನ್ನು ಮಡಕೆಯಲ್ಲಿ ಬಹುಕಾಲ ಹುದುಗಿಸಿಟ್ಟು ಅದರ ಮೇಲೆ ಬಳಿಯುತ್ತಾರೆ. ಎಲೆಯ ಒಗರಿಗೆ ಕಬ್ಬಿಣ ಕೂಡಿ ಕಪ್ಪು ಕಚ್ಚಿಕೊಳ್ಳುತ್ತದೆ. ಕೆಸರನ್ನು ತೊಳೆದರೂ ಆ ಕಪ್ಪು ಹೋಗುವುದಿಲ್ಲ.

ನನ್ನನ್ನು ಬೆರಗುಗೊಳಿಸುವುದು ಆ ಕೈಯ ನಡೆ. ಕೆಸರು ಬಳಿಯುವಾಕೆ ಮೂಡಬೇಕಾದ ಸಂಕೇತವನ್ನು ಮುಟ್ಟುವುದೇ ಇಲ್ಲ. ಅದರ ಸುತ್ತಲಿನ ಜಾಗಕ್ಕೆ ಕಪ್ಪು ತುಂಬುತ್ತ ಬರುತ್ತಾಳೆ, ನಡುವೆ ಹಳದಿ ಗೆರೆ ಉಳಿಯುತ್ತದೆ. ಕೊನೆಗೆ ಆ ಗೆರೆಗೆ ಕ್ಷಾರ ಬೆರೆತ ಸೋಪು ಹಚ್ಚಿ ಬೆಳ್ಳಗೆ ಮಾಡುತ್ತಾಳೆ. ಹೀಗೆ ಮೂಡಿದ ಉಡದ ಮೊಣಕೈಯಂಥ ಚಿಹ್ನೆಗಳಿಗೆ ಒಂದೊಂದಕ್ಕೂ ಹೆಸರಿದೆ. ಬೇಟೆಗಾರನಿಗೂ ಬಾಣಂತಿಗೂ ಈ ಬಟ್ಟೆ ರಕ್ಷೆ.

ಕಸೊಬಾನೆಯವರು ಈ ಕ್ರಮವನ್ನು ತಿರುವುಹಾಕಿದರು. ಕೆಸರನ್ನು ತೆಳುಮಾಡಿ ಬೂದು ಛಾಯೆ ಪಡೆದರು, ತೊಗಟೆ ಕುದಿಸಿ ಕಂದು ಬಣ್ಣ ತೆಗೆದರು, ಕುಂಚದಲ್ಲಿ ನೇರವಾಗಿ ಆಕೃತಿಗಳನ್ನೇ ಬರೆದರು. ಚಿತ್ರಗಳಿಗೆ ಒಬ್ಬೊಬ್ಬರ ಸಹಿ ಹಾಕದೆ ಗುಂಪಿನ ಹೆಸರಿಟ್ಟರು. ಅದೇ ಹೊತ್ತಿಗೆ ಕ್ರಿಸ್ ಸೈದು ಎಂಬ ವಸ್ತ್ರವಿನ್ಯಾಸಕ ಬೊಗೊಲಾನ್ ಅನ್ನು ಪ್ಯಾರಿಸ್ಸಿನ ಫ್ಯಾಷನ್ನಿಗೆ ಕೊಂಡೊಯ್ದ. 1991ರಲ್ಲಿ ಮಾಲಿಯನ್ನು ಆಳುತ್ತಿದ್ದ ಮೂಸಾ ತ್ರಾವೊರೆಯ ಸರ್ವಾಧಿಕಾರ ಬಿದ್ದ ಮೇಲೆ ಅದು ಮಾಲಿಯ ಹೆಮ್ಮೆಯ ಉಡುಪಾಯಿತು. ಸಂತೆಗೆ ಅಚ್ಚಿಟ್ಟು ಬೇಗಬೇಗ ಬಳಿದ ಬಟ್ಟೆಗಳೂ ಬಂದವು, ಗಿರಣಿಗಳು ವಿನ್ಯಾಸವನ್ನಷ್ಟೇ ಎತ್ತಿಕೊಂಡವು.

ವಿನ್ಯಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮಡಕೆಯ ಮುಂದೆ ಕಾಯುವ ತಾಳ್ಮೆಯನ್ನು ಬಿಡಲಿಲ್ಲವೆಂದೇ ಆ ಆರು ಮಂದಿ ನನಗೆ ದೊಡ್ಡವರಾಗಿ ಕಾಣುತ್ತಾರೆ. ಅವರಲ್ಲಿ ಒಬ್ಬರಾದ ಬುಬಕರ್ ದುಂಬಿಯಾ ಮಾಲಿಯ ಸೆಗು ಪಟ್ಟಣದಲ್ಲಿ ‘ನ್‌ದೊಮೊ’ ಕೇಂದ್ರ ತೆರೆದು ಯುವಕರಿಗೆ ಈ ಕೆಲಸ ಕಲಿಸಿದರು. ಆದರೆ ತಾಯಿಯಿಂದ ಮಗಳಿಗೆ ಬಂದ ವಿದ್ಯೆ ನಗರಕ್ಕೆ ಬಂದಾಗ ಗಂಡಸರ ಕೈಗೇ ಹೆಚ್ಚು ಸೇರಿತು. ಗುಂಪಿನಲ್ಲಿದ್ದ ಹೆಣ್ಣು ನೆನೆ ಥಿಯಾಮ್ ಒಬ್ಬರೇ. ಈ ವಿದ್ಯೆ ಬಲ್ಲ ಹಳ್ಳಿಯ ಹೆಂಗಸರ ಪೈಕಿ ಹೊರಜಗತ್ತು ಹೆಸರು ಹಿಡಿದು ಬಲ್ಲದ್ದು ಕೊಲೊಕಾನಿ ಊರಿನ ನಕುಂತೆ ದಿಯಾರಾ ಅವರಂಥ ಬೆರಳೆಣಿಕೆಯವರನ್ನು ಮಾತ್ರ.