ಶೇಕಡಾ ತೋರದ ಮಕ್ಕಳು

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಬೆಳಗಾವಿಯಲ್ಲಿ ಮೊದಲು ಕೇಳಿಬರುವುದು ‘ನಮ್ಮ ಜಿಲ್ಲೆ ಎಷ್ಟನೇ ಸ್ಥಾನ?’ ಎಂಬ ಪ್ರಶ್ನೆ. ಸಂಜೆಯೊಳಗೆ ಅದೇ ತಕ್ಕಡಿಗೆ ಶಾಲೆಗಳೂ ಏರುತ್ತವೆ. ಜಿಲ್ಲೆಗಳಿಗೆ ಸ್ಥಾನದ ಬದಲು ಎ, ಬಿ, ಸಿ ಶ್ರೇಣಿ ಕೊಡುವ ಪ್ರಯತ್ನ 2020ರಲ್ಲಿ ನಡೆದಿತ್ತು. ಪೈಪೋಟಿ ಮಾತ್ರ ತಗ್ಗಲಿಲ್ಲ.

ಅಳತೆಗೋಲೇ ವರ್ಷವರ್ಷಕ್ಕೆ ಬದಲಾಗಿದೆ. ಕೋವಿಡ್‌ನ 2021ರಲ್ಲಿ ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ, ಹೆಚ್ಚುಕಡಿಮೆ ಎಲ್ಲರೂ ಪಾಸು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂದ 2024ರಲ್ಲಿ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಶೇ 73.40. ಹೆಚ್ಚುವರಿ ಕೃಪಾಂಕ ಹಿಂತೆಗೆದ 2025ರ ಮೊದಲ ಪರೀಕ್ಷೆಯಲ್ಲಿ ಶೇ 66.14. ಈ ಇಳಿಕೆಯನ್ನೆಲ್ಲ ಪಾಠ ಮಾಡಿದವರ ತಲೆಗೆ ಕಟ್ಟುವುದು ಅನ್ಯಾಯ.

ಅದಕ್ಕಿಂತ ದೊಡ್ಡ ಮೋಸ ಛೇದದಲ್ಲಿ, ಅಂದರೆ ಶೇಕಡಾವನ್ನು ಎಷ್ಟು ಮಕ್ಕಳ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದರಲ್ಲಿದೆ. ಎರಡು ಶಾಲೆಗಳ 9ನೇ ತರಗತಿಯಲ್ಲಿ ತಲಾ 60 ಮಕ್ಕಳಿದ್ದಾರೆನ್ನಿ. ಮೊದಲನೆಯದು ‘ಹಿಂದುಳಿದ’ 12 ಮಕ್ಕಳನ್ನು ಅಲ್ಲೇ ತಡೆದು 48 ಮಂದಿಯನ್ನು ಕೂರಿಸುತ್ತದೆ. 46 ಪಾಸು, ಶೇ 95.83. ಎರಡನೆಯದು 60 ಮಂದಿಯನ್ನೂ ಕೂರಿಸುತ್ತದೆ. 50 ಪಾಸು, ಶೇ 83.33. ಪತ್ರಿಕೆಯಲ್ಲಿ ಮೊದಲನೆಯದರ ಹೆಸರು ಮೇಲೆ, ಹೆಚ್ಚು ಮಕ್ಕಳನ್ನು ದಡ ಸೇರಿಸಿದ್ದು ಎರಡನೆಯದು. ಬಂದವರನ್ನೆಲ್ಲ ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗೆ ಈ ಪೆಟ್ಟು ಜಾಸ್ತಿ. ಇಪ್ಪತ್ತು ಮಕ್ಕಳ ಶಾಲೆಯಲ್ಲಂತೂ ಒಬ್ಬಳು ಜ್ವರ ಬಂದು ಪರೀಕ್ಷೆಯಲ್ಲಿ ಎಡವಿದರೆ ಶೇ 5 ಹೋಯಿತು.

ಭಾಷೆಯ ಮಾತು ಬೇರೆಯೇ. ಗಡಿಯ ಈ ನಗರದಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲಿವೆ. ಏಳನೆಯವರೆಗೆ ಉರ್ದುವಿನಲ್ಲಿ ಓದಿ ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದ ಹುಡುಗಿಗೆ ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವುದು ಗೊತ್ತು. ಅವಳ ಬಾಯಲ್ಲಿ ಅದು ‘ಜಿಯಾಯಿ ತಾಲೀಫ್’, ಪ್ರಶ್ನೆಪತ್ರಿಕೆಯಲ್ಲಿ ‘ದ್ಯುತಿಸಂಶ್ಲೇಷಣೆ’. ಉತ್ತರ ಬಿಟ್ಟುಹೋದರೆ ಅಂಕಪಟ್ಟಿ ಅದನ್ನು ವಿಜ್ಞಾನದ ಸೋಲೆಂದು ಬರೆದುಕೊಳ್ಳುತ್ತದೆ. ಮೂರೇ ವರ್ಷದಲ್ಲಿ ಅವಳನ್ನು ಪಾಸಿನ ಗಡಿ ತಲುಪಿಸಿದ ಶಿಕ್ಷಕಿಯ ದುಡಿಮೆಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ನ್ಯಾಯವಾದ ಲೆಕ್ಕ ಕಷ್ಟವೇನಲ್ಲ. ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಸಂಖ್ಯೆ ಇದೆ. 8ನೇ ತರಗತಿಗೆ ಸೇರಿದವರ ಪಟ್ಟಿ ತೆಗೆಯಿರಿ. ಟಿಸಿ ಪಡೆದು ಬೇರೆ ಶಾಲೆಗೆ ಸೇರಿದವರನ್ನು ಬೇರ್ಪಡಿಸಿ. ಉಳಿದವರಲ್ಲಿ ಎಷ್ಟು ಮಂದಿ ಹತ್ತು ಮುಟ್ಟಿದರು, ಎಷ್ಟು ಮಂದಿ ಪಾಸಾದರು ಎಂದು ನೋಡಿ. ಕಬ್ಬು ಕಡಿಯಲು ಹೋದ ಅಪ್ಪ–ಅವ್ವನ ಜೊತೆ ನಡುವರ್ಷ ಶಾಲೆ ಬಿಟ್ಟವರನ್ನು ಅಳಿಸಬೇಡಿ, ಬೇರೆ ಸಾಲಿನಲ್ಲಿ ಬರೆಯಿರಿ. ಗಣಿತ, ವಿಜ್ಞಾನದಂಥ ವಿಷಯಗಳ ಅಂಕಗಳಲ್ಲಿ 80ರ ಲಿಖಿತ ಮತ್ತು 20ರ ಆಂತರಿಕ ಭಾಗವನ್ನು ಬೇರೆ ಬೇರೆ ಇಡಿ. ಆಂತರಿಕದಲ್ಲಿ ಎಲ್ಲರಿಗೂ 19, 20 ಬಿದ್ದಿದ್ದರೆ ಮೊದಲು ಅದನ್ನೇ ಪ್ರಶ್ನಿಸಿ.