ಕೇಳದೆ ಕೇಳಿಸಿಕೊಳ್ಳುವ ಯಂತ್ರ

ಕೆಲವು ವರ್ಷಗಳ ಹಿಂದೆ ಗ್ರಾಹಕರೊಬ್ಬರಿಂದ ಒಂದು ಮೇಲ್ ಬಂತು. ನಾನಾಗ ಹೆಡ್‌ಫೋನ್ ಮಾರುವ ಒಂದು ಕಂಪನಿಯ ಆನ್‌ಲೈನ್ ಜಾಹೀರಾತು ನೋಡಿಕೊಳ್ಳುತ್ತಿದ್ದೆ. ಗಂಡನ ಹುಟ್ಟುಹಬ್ಬಕ್ಕೆ ಗುಟ್ಟಾಗಿ ಕೊಡೋಣ ಅಂತ ಆಕೆ ಒಂದು ಹೆಡ್‌ಫೋನ್ ಕೊಂಡಿದ್ದರು. ಮನೆಯಲ್ಲಿ ಇಬ್ಬರಿಗೂ ಒಂದೇ ಲ್ಯಾಪ್‌ಟಾಪ್. ಮರುದಿನದಿಂದ ಗಂಡ ಯಾವ ಪುಟ ತೆರೆದರೂ ಅದೇ ಮಾಡೆಲ್, ಅದೇ ಬಣ್ಣ, ಕೆಳಗೆ "ಇನ್ನೂ ಯೋಚಿಸುತ್ತಿದ್ದೀರಾ?" ಅನ್ನುವ ಸಾಲು. ಆ ಸಾಲು ಬರೆದವನು ನಾನೇ. ಮೇಲ್‌ನಲ್ಲಿ ಬೈಗುಳ ಇರಲಿಲ್ಲ. "ದುಡ್ಡು ಕೊಟ್ಟಾಯಿತಲ್ಲ, ಇನ್ನೂ ಯಾಕೆ ಬೆನ್ನು ಹತ್ತಿದ್ದೀರಿ?" ಅಂತಷ್ಟೇ ಇತ್ತು.

ತಪ್ಪು ನನ್ನದೇ. ಈಗಾಗಲೇ ಕೊಂಡವರ ಪಟ್ಟಿಯನ್ನು ಜಾಹೀರಾತಿನಿಂದ ಹೊರಗಿಡಬೇಕು. ಎರಡು ನಿಮಿಷದ ಕೆಲಸ, ಮರೆತಿದ್ದೆ. ಆದರೆ ಆ ಮೇಲ್ ಓದಿದ ಮೇಲೆ ಬೇರೆ ಒಂದು ವಿಷಯ ತಲೆಯಲ್ಲಿ ಕೂತಿತು. ಆ ಲ್ಯಾಪ್‌ಟಾಪ್ ಮುಂದೆ ಕೂತವರು ಯಾರು ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ.

ಇದು ನಡೆಯುವ ರೀತಿ ಹೀಗೆ. ಅಂಗಡಿಯ ಪುಟದಲ್ಲಿ ಕಣ್ಣಿಗೆ ಕಾಣದ ಒಂದು ಚುಕ್ಕೆ ಇರುತ್ತದೆ. ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರ. ಈಗ ಜಾಸ್ತಿ ಕಡೆ ಚುಕ್ಕೆಯ ಬದಲು ನಾಲ್ಕು ಸಾಲಿನ ಕೋಡ್. ಪುಟ ತೆರೆದಾಗ ನಿಮ್ಮ ಬ್ರೌಸರ್ ಅದನ್ನು ಜಾಹೀರಾತು ಕಂಪನಿಯ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ತರಿಸಿಕೊಳ್ಳುವಾಗ ತನ್ನ ಗುರುತಿನ ಚೀಟಿಯನ್ನೂ, ಅಂದರೆ ಕುಕಿಯನ್ನೂ ತೋರಿಸುತ್ತದೆ. "ಈ ಚೀಟಿಯವರು ಈ ಹೆಡ್‌ಫೋನ್ ನೋಡಿದರು" ಅಂತ ಅಲ್ಲಿ ಬರೆದಿಟ್ಟಾಯಿತು. ಅದೇ ಕಂಪನಿಗೆ ಸಾವಿರಾರು ಬೇರೆ ತಾಣಗಳಲ್ಲಿ ಜಾಹೀರಾತಿನ ಜಾಗ ಇರುತ್ತದೆ. ಚೀಟಿ ಎಲ್ಲಿ ಕಾಣಿಸಿಕೊಂಡರೂ ಹೆಡ್‌ಫೋನ್ ಹಾಜರು. ಗಮನಿಸಿ, ಚೀಟಿ ಇರುವುದು ಬ್ರೌಸರ್‌ಗೆ, ಮನುಷ್ಯರಿಗಲ್ಲ. ಗಂಡನ ಮುಂದೆ ಗುಟ್ಟು ರಟ್ಟಾಗಿದ್ದು ಅದರಿಂದಲೇ.

ಈ ಇಡೀ ಸಂಸಾರ ಶುರುವಾಗಿದ್ದು 1994ರಲ್ಲಿ. ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಕುಕಿ ರೂಪಿಸಿದ್ದು ಆ ವರ್ಷ. ಖರೀದಿ ಬುಟ್ಟಿಗೆ ಏನು ಹಾಕಿದಿರಿ ಅನ್ನುವುದು ಮುಂದಿನ ಪುಟಕ್ಕೆ ಹೋದಾಗ ಮರೆತುಹೋಗಬಾರದು ಅನ್ನುವಂಥ ಸಣ್ಣ ತೊಂದರೆಗೆ ಸಣ್ಣ ಪರಿಹಾರ. ಅದೇ ವರ್ಷದ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ತಾಣದಲ್ಲಿ ಮೊದಲ ಬ್ಯಾನರ್ ಜಾಹೀರಾತುಗಳು ಬಂದವು. ಮೂರನೆಯದನ್ನು ನಮ್ಮ ಕಸುಬಿನವರೂ ಹೆಚ್ಚಾಗಿ ನೆನೆಯುವುದಿಲ್ಲ. ಎಂಐಟಿಯಲ್ಲಿ ಉಪೇಂದ್ರ ಶಾರ್ದಾನಂದ್ ಮತ್ತು ಪ್ಯಾಟಿ ಮೇಸ್ ಅದೇ ವರ್ಷ 'ರಿಂಗೊ' ಅನ್ನುವ ವ್ಯವಸ್ಥೆ ನಡೆಸಿದರು. ನೀವು ಅದಕ್ಕೆ ಇಮೇಲ್ ಕಳಿಸಬೇಕು. ಅದು ಕಲಾವಿದರ ಪಟ್ಟಿ ಕಳಿಸುತ್ತದೆ. ಒಬ್ಬೊಬ್ಬರಿಗೂ 1ರಿಂದ 7ರವರೆಗೆ ಅಂಕ ಕೊಟ್ಟು ವಾಪಸ್ ಕಳಿಸಬೇಕು. 7 ಅಂದರೆ ಇವರಿಲ್ಲದೆ ಆಗುವುದೇ ಇಲ್ಲ, 1 ಅಂದರೆ ಕಿವಿ ಮುಚ್ಚಿಕೊಳ್ಳಬೇಕು. ನಿಮ್ಮ ಹಾಗೇ ಅಂಕ ಕೊಟ್ಟವರನ್ನು ಅದು ಹುಡುಕುತ್ತದೆ. ಅವರಿಗೆ ಇಷ್ಟವಾಗಿ ನೀವಿನ್ನೂ ಕೇಳದ ಸಂಗೀತವನ್ನು ನಿಮಗೆ ಸೂಚಿಸುತ್ತದೆ.

ಕನ್ನಡದಲ್ಲಿ 'ಕೇಳು' ಅನ್ನುವ ಮಾತಿಗೆ ಎರಡು ಅರ್ಥ ಇದೆ ಅಲ್ವಾ? ಪ್ರಶ್ನೆ ಕೇಳುವುದು, ಹಾಡು ಕೇಳುವುದು. ರಿಂಗೊ ಮೊದಲು ನಿಮ್ಮನ್ನು ಕೇಳುತ್ತಿತ್ತು, ಆಮೇಲೆ ನೀವು ಹಾಡು ಕೇಳುತ್ತಿದ್ದಿರಿ. ಈಗಿನ ಆ್ಯಪ್ ಕೇಳುವುದಿಲ್ಲ. ನೀವು ಕೇಳುವುದನ್ನು ನೋಡುತ್ತಾ ಕೂತಿರುತ್ತದೆ.

ಏನೇನು ನೋಡುತ್ತದೆ? ಯಾವ ಹಾಡನ್ನು ಅರ್ಧಕ್ಕೆ ಬಿಟ್ಟಿರಿ, ಯಾವುದನ್ನು ಮತ್ತೆ ಹಾಕಿದಿರಿ, ಯಾವುದನ್ನು ಪಟ್ಟಿಗೆ ಸೇರಿಸಿದಿರಿ, ಎಷ್ಟು ಹೊತ್ತಿಗೆ, ಫೋನಿನಲ್ಲೋ ಕಾರಿನಲ್ಲೋ. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಮಾತ್ರ ಅದು ಒಂದು ಕೇಳುವಿಕೆ ಅಂತ ಲೆಕ್ಕಕ್ಕೆ ಬರುತ್ತದೆ. ಸಂಗೀತದ ಪ್ರಚಾರ ಮಾಡುವವರ ಜೊತೆ ಕೆಲಸ ಮಾಡಿದಾಗ ಈ 30 ಸೆಕೆಂಡ್ ಎಂಥ ಗಡಿ ಅಂತ ಗೊತ್ತಾಯಿತು. ಉದ್ದದ ಆರಂಭದ ವಾದನ ಇರುವ ಹಾಡು ಅಂದರೆ ಅವರಿಗೆ ಎದೆ ಡವಡವ. ಪಲ್ಲವಿ ಬೇಗ ಬರಲಿ, ದನಿ ಮೊದಲ ಕ್ಷಣಕ್ಕೇ ಬರಲಿ ಅನ್ನುತ್ತಾರೆ. ಅಳತೆಗೋಲು ಅಳೆಯುವುದಕ್ಕಷ್ಟೇ ನಿಲ್ಲಲಿಲ್ಲ, ಹಾಡಿನ ಒಳಗೇ ನುಗ್ಗಿತು.

ನೋಡಿ ತಿಳಿಯುವುದು ಕೆಟ್ಟದ್ದು ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಆದರೆ ಅದು ಹೆಚ್ಚು ನಿಖರ ಅನ್ನುವುದನ್ನು ಒಪ್ಪಿಕೊಳ್ಳಲೇಬೇಕು. ಕೇಳಿದರೆ ಜನ ತಾವು ಏನಾಗಬೇಕು ಅಂದುಕೊಂಡಿದ್ದಾರೋ ಅದನ್ನು ಹೇಳುತ್ತಾರೆ. ನಾನೂ ಅಷ್ಟೇ. ಫಾರಂ ತುಂಬುವಾಗ 'ವಾದ್ಯ ಸಂಗೀತ' ಅಂತ ಗುರುತು ಹಾಕುತ್ತೇನೆ. ಪಾತ್ರೆ ತೊಳೆಯುವಾಗ ಕಾಲೇಜು ದಿನಗಳ ಅದೇ ಹತ್ತು ಹಾಡು. ಆ್ಯಪ್‌ಗೆ ಇದು ಗೊತ್ತು, ನನ್ನ ಗೆಳೆಯರಿಗೆ ಗೊತ್ತಿಲ್ಲ.

ಹಾಡು ಸೂಚಿಸುವ ಲೆಕ್ಕಕ್ಕೂ ಜಾಹೀರಾತಿನ ಲೆಕ್ಕಕ್ಕೂ ಬೇರು ಒಂದೇ. ರಿಂಗೊ ಮಾಡಿದ ಉಪಾಯದ ವಿಚಿತ್ರ ಏನೆಂದರೆ, ಅದಕ್ಕೆ ಹಾಡಿನ ಬಗ್ಗೆ ಏನೇನೂ ತಿಳಿದಿರಬೇಕಿಲ್ಲ. ಯಾರಿಗೆ ಯಾವುದು ಇಷ್ಟ ಅನ್ನುವ ಕೋಷ್ಟಕ ಇದ್ದರೆ ಸಾಕು. ಇಂಟರ್‌ನೆಟ್ ರೇಡಿಯೊ ಪಂಡೋರಾ 2000ದಲ್ಲಿ ಶುರುವಾದ ತನ್ನ ಮ್ಯೂಸಿಕ್ ಜೀನೋಮ್ ಯೋಜನೆಯಲ್ಲಿ ತದ್ವಿರುದ್ಧ ದಾರಿ ಹಿಡಿಯಿತು. ಸಂಗೀತ ಬಲ್ಲವರು ಕೂತು ಒಂದೊಂದೇ ಹಾಡು ಕೇಳಿ ಲಯ, ದನಿ, ಸ್ವರಸಂಯೋಜನೆ ಅಂತ 450ರವರೆಗೂ ಗುಣಗಳನ್ನು ಗುರುತಿಸುತ್ತಿದ್ದರು. ನನಗೆ ಅದರ ಮೇಲೆ ಒಂದು ಮಮತೆ ಇದೆ. ಆದರೆ ಅದು ನಿಧಾನ. ಕೋಷ್ಟಕದ ದಾರಿಗೂ ಒಂದು ಕುರುಡು ಇದೆ: ಇನ್ನೂ ಯಾರೂ ಕೇಳದ ಹೊಸ ಕಲಾವಿದರು ಅದರಲ್ಲಿ ಇರುವುದೇ ಇಲ್ಲ. ಸ್ಪಾಟಿಫೈ 2014ರಲ್ಲಿ ಎಕೋ ನೆಸ್ಟ್ ಕಂಪನಿಯನ್ನು ಕೊಂಡುಕೊಂಡಿತು. ಅದರ ಕೆಲಸವೇ ಹಾಡಿನ ಧ್ವನಿಯನ್ನೂ, ಸಂಗೀತದ ಬಗ್ಗೆ ಜನ ಬರೆದದ್ದನ್ನೂ ಯಂತ್ರದಿಂದ ಓದಿಸುವುದು. ಮರುವರ್ಷ ಡಿಸ್ಕವರ್ ವೀಕ್ಲಿ ಬಂತು, ಪ್ರತಿ ಸೋಮವಾರ 30 ಹಾಡು.

ಜಾಹೀರಾತಿನಲ್ಲಿ ಇದೇ ಉಪಾಯಕ್ಕೆ 'ಲುಕ್‌ಅಲೈಕ್' ಅಂತ ಹೆಸರು. ಫೇಸ್‌ಬುಕ್ 2013ರಲ್ಲಿ ತಂದಿತು. ನಮ್ಮ ಗ್ರಾಹಕರ ಇಮೇಲ್ ಪಟ್ಟಿ ಕೊಟ್ಟರೆ "ಇವರಂಥವರನ್ನು" ಅದು ಹುಡುಕಿಕೊಡುತ್ತದೆ. ಪಟ್ಟಿ ಕಳಿಸುವಾಗ ವಿಳಾಸಗಳನ್ನು ಹ್ಯಾಶ್ ಮಾಡುತ್ತೇವೆ, ಆದ್ದರಿಂದ ಗೌಪ್ಯ ಅಂತ ನಾವು ಗ್ರಾಹಕರಿಗೆ ಹೇಳುವುದುಂಟು. ಅರ್ಧ ಸತ್ಯ. ಹ್ಯಾಶ್ ಅಂದರೆ ವಿಳಾಸವನ್ನು ಅರ್ಥವಾಗದ ಅಕ್ಷರಗಳ ಉದ್ದ ಸಾಲಾಗಿ ಬದಲಿಸುವುದು. ಆದರೆ ಒಂದೇ ವಿಳಾಸಕ್ಕೆ ಯಾವಾಗಲೂ ಅದೇ ಸಾಲು ಬರುತ್ತದೆ. ಅವರೂ ತಮ್ಮ ಬಳಿ ಇರುವ ವಿಳಾಸಗಳನ್ನು ಹಾಗೇ ಬದಲಿಸಿ ಹೋಲಿಸುತ್ತಾರೆ. ಹೊಂದಿದರೆ ಮುಗಿಯಿತು. ದಾರಿಯಲ್ಲಿ ಕದ್ದವರಿಗೆ ಓದಲು ಕಷ್ಟ ಆಗಬಹುದು, ತಲುಪಿದ ಕಡೆ ಗುರುತು ಸಿಕ್ಕೇ ಸಿಗುತ್ತದೆ.

ಯಾವ ಸಮಾರಂಭಕ್ಕೆ ಹೋದರೂ ನನಗೆ ಒಂದು ಪ್ರಶ್ನೆ ಖಂಡಿತ. "ಫೋನು ನಮ್ಮ ಮಾತು ಕದ್ದು ಕೇಳುತ್ತದಾ?" ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈಕ್ ಗುಟ್ಟಾಗಿ ಆನ್ ಆಗಿ ಮಾತು ಸಾಗಿಸಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು. ಕೆಲವು ಆ್ಯಪ್‌ಗಳು ಪರದೆಯ ಚಿತ್ರ, ವಿಡಿಯೊ ತೆಗೆದು ಹೊರಗೆ ಕಳಿಸುತ್ತಿದ್ದವು. ನನ್ನ ಅನುಭವವೂ ಅದೇ ದಿಕ್ಕಿನದು. ಕದ್ದು ಕೇಳುವ ಅಗತ್ಯವೇ ನಮಗೆ ಬೀಳುವುದಿಲ್ಲ. ನೀವು ಗೆಳೆಯರ ಜೊತೆ ಗಿಟಾರ್ ಬಗ್ಗೆ ಮಾತಾಡಿದಿರಿ. ಗೆಳೆಯ ಅಲ್ಲೇ ಫೋನಿನಲ್ಲಿ ಗಿಟಾರ್ ಹುಡುಕಿದ. ಇಬ್ಬರೂ ಒಂದೇ ವೈಫೈನಲ್ಲಿದ್ದಿರಿ, ಅಂದರೆ ನಮಗೆ ಒಂದೇ ವಿಳಾಸದವರ ಹಾಗೆ ಕಾಣುತ್ತೀರಿ. ಅಷ್ಟು ಸಾಕು.

ಅಭಿರುಚಿಯೇ ಒಂದು ಬೆರಳಚ್ಚು ಅನ್ನುವುದು ನನಗೆ ಮನದಟ್ಟಾಗಿದ್ದು ನೆಟ್‌ಫ್ಲಿಕ್ಸ್ ಪ್ರಕರಣದಿಂದ. 2006ರಲ್ಲಿ ಆ ಕಂಪನಿ ತನ್ನ ಸಿನಿಮಾ ಸೂಚನೆಯನ್ನು ಸುಧಾರಿಸಲು 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆ ಇಟ್ಟಿತು. ಸುಮಾರು 4.8 ಲಕ್ಷ ಚಂದಾದಾರರು ಸಿನಿಮಾಗಳಿಗೆ ಕೊಟ್ಟ ಅಂಕಗಳನ್ನು ಹೆಸರು ತೆಗೆದು ಹೊರಗೆ ಬಿಟ್ಟಿತು. ಸಂಶೋಧಕರಾದ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ ಅದನ್ನು ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯಲ್ಲಿ ಜನ ಬಹಿರಂಗವಾಗಿ ಕೊಟ್ಟ ಅಂಕಗಳ ಜೊತೆ ಹೋಲಿಸಿದರು. ಒಬ್ಬರು ಅಂಕ ಕೊಟ್ಟ 8 ಸಿನಿಮಾ ಗೊತ್ತಿದ್ದರೆ, ಅದರಲ್ಲಿ 2 ತಪ್ಪಾಗಿದ್ದರೂ, ದಿನಾಂಕ 14 ದಿನ ಆಚೀಚೆ ಆದರೂ, ಆ ದತ್ತಾಂಶದಲ್ಲಿ 99% ಮಂದಿಯನ್ನು ಬೇರೆ ಮಾಡಿ ಗುರುತಿಸಬಹುದು ಅಂತ ತೋರಿಸಿದರು. ಹೆಸರಿಲ್ಲ, ವಿಳಾಸವಿಲ್ಲ, ಬರೀ ಇಷ್ಟ-ಅನಿಷ್ಟ. ಸಿನಿಮಾಗೆ ನಿಜವಾದದ್ದು ಹಾಡಿನ ಪಟ್ಟಿಗೆ ಸುಳ್ಳಾಗಲು ನನಗೆ ಕಾರಣ ಕಾಣುವುದಿಲ್ಲ. ಎಷ್ಟೋ ಜನರ ಪ್ಲೇಲಿಸ್ಟ್‌ಗಳು ಅವರಿಗೇ ಗೊತ್ತಿಲ್ಲದೆ ಎಲ್ಲರಿಗೂ ಕಾಣುವ ಹಾಗೆ ಇರುತ್ತವೆ. ಇವತ್ತೇ ಒಮ್ಮೆ ಸೆಟಿಂಗ್ಸ್ ತೆರೆದು ನೋಡಿ.

ಸೂಚನೆ ಎಲ್ಲಿ ಮುಗಿದು ಜಾಹೀರಾತು ಎಲ್ಲಿ ಶುರುವಾಗುತ್ತದೆ ಅನ್ನುವುದೂ ಮಸುಕಾಗಿದೆ. ಸ್ಪಾಟಿಫೈ 2020ರಲ್ಲಿ 'ಡಿಸ್ಕವರಿ ಮೋಡ್' ಪ್ರಕಟಿಸಿತು. ಕಲಾವಿದರೋ ಅವರ ಕಂಪನಿಯೋ ಕಡಿಮೆ ರಾಯಲ್ಟಿಗೆ ಒಪ್ಪಿದರೆ, ಆ್ಯಪ್‌ನ ರೇಡಿಯೊದಲ್ಲೂ, ಪಟ್ಟಿ ಮುಗಿದ ಮೇಲೆ ತಾನಾಗೇ ಹಾಡು ಓಡಿಸುವ ಆಟೊಪ್ಲೇಯಲ್ಲೂ ಆ ಹಾಡು ಬರುವ ಸಾಧ್ಯತೆ ಹೆಚ್ಚುತ್ತದೆ. ಮಾರುವವನಾಗಿ ನನಗೆ ಇದು ಜಾಣತನ ಅನ್ನಿಸುತ್ತದೆ. ಕೇಳುಗನಾಗಿ ಕಿರಿಕಿರಿ. ಬ್ಯಾನರ್‌ಗಾದರೂ 'ಜಾಹೀರಾತು' ಅನ್ನುವ ಹಣೆಪಟ್ಟಿ ಇರುತ್ತದಲ್ಲ.

ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಪ್ರಯೋಗ ನಡೆದದ್ದು 2021ರ ಏಪ್ರಿಲ್‌ನಲ್ಲಿ. ಆ್ಯಪಲ್ ಐಫೋನ್‌ನಲ್ಲಿ ಒಂದು ಪ್ರಶ್ನೆ ಕಡ್ಡಾಯ ಮಾಡಿತು: ಈ ಆ್ಯಪ್ ನಿಮ್ಮನ್ನು ಬೇರೆ ಕಡೆಯೂ ಹಿಂಬಾಲಿಸಬಹುದೇ? ಇದರಿಂದ 2022ರಲ್ಲಿ ತನಗೆ ಸುಮಾರು 1000 ಕೋಟಿ ಡಾಲರ್ ಆದಾಯ ಖೋತಾ ಆಗಬಹುದು ಅಂತ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಹೇಳಿತು. ಬರೀ ಒಂದು ಪ್ರಶ್ನೆ! ಆ ವರ್ಷ ನಮ್ಮ ಕಚೇರಿಯಲ್ಲಿ ಎಲ್ಲರ ಮುಖವೂ ಸೊಪ್ಪಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಮೇಲ್‌ನೊಳಗಿನ ಚಿತ್ರಗಳನ್ನು ತಾನೇ ಮುಂಚಿತವಾಗಿ ತರಿಸಿಕೊಳ್ಳಲು ಶುರುಮಾಡಿದ ಮೇಲೆ, ಯಾರು ಮೇಲ್ ತೆರೆದರು ಅನ್ನುವ ನಮ್ಮ ಲೆಕ್ಕವೂ ಕೆಟ್ಟಿತು. ಕ್ರೋಮ್‌ನಲ್ಲಿ ಹೊರಗಿನವರ ಕುಕಿ ನಿಲ್ಲಿಸುತ್ತೇವೆ ಅಂತ 2020ರಲ್ಲಿ ಹೇಳಿದ್ದ ಗೂಗಲ್ ಮಾತ್ರ ಮುಂದೂಡುತ್ತಾ ಬಂದು 2024ರಲ್ಲಿ ಆ ಯೋಚನೆ ಕೈಬಿಟ್ಟಿತು.

ನಾನು ಆ ಹೆಡ್‌ಫೋನ್ ಗ್ರಾಹಕರಿಗೆ ಕ್ಷಮೆ ಕೇಳಿ ಬರೆದಿದ್ದೆ. ಹೆಸರು ಪಟ್ಟಿಯಿಂದ ತೆಗೆಯಲೇ ಅಂತಲೂ ಕೇಳಿದ್ದೆ. ತೆಗೆಯಿರಿ ಅಂತಾರೆ ಅಂದುಕೊಂಡಿದ್ದೆ. "ಬೇಡ, ಇಯರ್‌ಪ್ಯಾಡ್ ಹೊಸದು ಬಂದಾಗ ಮೇಲ್ ಮಾಡಿ, ಬೇರೆ ಏನೂ ಬೇಡ" ಅಂತ ಉತ್ತರ ಬಂತು. ಇಷ್ಟು ಸ್ಪಷ್ಟವಾದ ಮಾಹಿತಿ ನನಗೆ ಯಾವ ಪಿಕ್ಸೆಲ್ ಕೂಡ ಕೊಟ್ಟಿರಲಿಲ್ಲ. ಅಂದಿನಿಂದ ನಾನು ನೋಡಿಕೊಳ್ಳುವ ಮೇಲ್ ಪಟ್ಟಿಗಳಲ್ಲಿ ಸೇರುವಾಗಲೇ ಒಂದು ಪ್ರಶ್ನೆ ಇರುತ್ತದೆ: ಯಾವುದರ ಬಗ್ಗೆ ಬರೆಯಲಿ? ಪಟ್ಟಿ ಚಿಕ್ಕದಾಗುತ್ತದೆ. ಯಜಮಾನರಿಗೆ ಅದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಬೆನ್ನು ಹತ್ತುವ ಜಾಹೀರಾತನ್ನು ಪೂರ್ತಿ ಬಿಟ್ಟಿಲ್ಲ, ಬಿಟ್ಟಿದ್ದೇನೆ ಅಂದರೆ ಸುಳ್ಳಾಗುತ್ತದೆ. ಏಳು ದಿನಕ್ಕೆ ನಿಲ್ಲಿಸುತ್ತೇನೆ. ಕೊಂಡವರನ್ನು ಅದೇ ಗಂಟೆ ಹೊರಗಿಡುತ್ತೇನೆ.

ಕೇಳುಗನಾಗಿ ಮಾಡುವುದು ಇನ್ನೂ ಸಣ್ಣ ಸಣ್ಣ ಕೆಲಸ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯ ಮೇಲೆ ಜಾಸ್ತಿ ಭರವಸೆ ಇಟ್ಟಿಲ್ಲ. ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚರಿತ್ರೆ ಉಳಿಸುವುದಿಲ್ಲ ಅಷ್ಟೇ, ಆಚೆ ಕಡೆಯವರಿಗೆ ಕಣ್ಣು ಕಟ್ಟುವುದಿಲ್ಲ. ಮಗುವಿಗೆ ನಿದ್ದೆ ಬರಿಸಲು ಮಳೆಯ ಸದ್ದು ಹಾಕುವಾಗ ಸ್ಪಾಟಿಫೈನಲ್ಲಿ ಪ್ರೈವೇಟ್ ಸೆಷನ್ ಒತ್ತುತ್ತೇನೆ, ಇಲ್ಲದಿದ್ದರೆ ಸೋಮವಾರದ 30 ಹಾಡಿನಲ್ಲಿ ಮಳೆಯೋ ಮಳೆ. ಒಂದು ಹಾಡು ಹಿಡಿಸಿದರೆ ಅದರ ಕ್ರೆಡಿಟ್ಸ್ ತೆರೆದು ಬೇಸ್ ಗಿಟಾರ್ ನುಡಿಸಿದವರು ಯಾರು ಅಂತ ನೋಡಿ, ಅವರು ಬೇರೆ ಯಾರ ಜೊತೆ ನುಡಿಸಿದ್ದಾರೆ ಅಂತ ಹುಡುಕುತ್ತೇನೆ. ಕೊಂಡಿ ಕಳಿಸುವ ಮುಂಚೆ ಪ್ರಶ್ನಾರ್ಥಕ ಚಿಹ್ನೆಯ ನಂತರದ ಬಾಲ ಕತ್ತರಿಸುತ್ತೇನೆ. ಹಾಡಿನ ಕೊಂಡಿಗಳಲ್ಲಿ ಆ ಬಾಲ ಸಾಮಾನ್ಯವಾಗಿ ಹಾಡಿಗೆ ಸೇರಿದ್ದಲ್ಲ, ಹಂಚಿದ್ದನ್ನು ಪತ್ತೆ ಹಚ್ಚುವ ಗುರುತು. ಕತ್ತರಿಸಿದ ಮೇಲೆ ಒಮ್ಮೆ ಒತ್ತಿ ನೋಡಿ. ಕೆಲವು ತಾಣಗಳಲ್ಲಿ ವಿಡಿಯೊದ ಸಂಖ್ಯೆಯೂ ಆ ಬಾಲದಲ್ಲೇ ಇರುತ್ತದೆ, ಅದನ್ನು ಕತ್ತರಿಸಿದರೆ ನಿಮ್ಮ ಗೆಳೆಯರಿಗೆ ಸಿಗುವುದು ಖಾಲಿ ಮುಖಪುಟ.